ಟ್ಯಾಂಕ್ ಜರುಗಿಸಿದರೆ ಜೊತೆಗೆ ಏನೇನು ಜರುಗುತ್ತದೆ?

ಪೈಪರ್ ಜೆ-3 ಕಬ್ ಎಂಬ ಹಳದಿ ಬಣ್ಣದ ಪುಟ್ಟ ವಿಮಾನವನ್ನು ಫೋಟೊದಲ್ಲಾದರೂ ನೀವು ನೋಡಿರುತ್ತೀರಿ. ಒಂದರ ಹಿಂದೆ ಒಂದರಂತೆ ಎರಡು ಸೀಟು. ಒಬ್ಬರೇ ಹಾರಿಸುವಾಗ ಪೈಲಟ್ ಹಿಂದಿನ ಸೀಟಿನಲ್ಲೇ ಕೂರಬೇಕು. ಮುಂದಿನ ಸೀಟು ಖಾಲಿ ಇರುತ್ತದೆ, ಅಲ್ಲಿಂದ ನೋಟವೂ ಚೆನ್ನಾಗಿ ಕಾಣುತ್ತದೆ, ಆದರೂ ಅಲ್ಲಿ ಕೂರುವಂತಿಲ್ಲ. ಯಾಕೆ?

ಪೆಟ್ರೋಲ್ ಟ್ಯಾಂಕ್ ಮೂತಿಯಲ್ಲಿದೆ, ಅದಕ್ಕೆ. ಎಂಜಿನ್‌ಗೂ ಮುಂದಿನ ಸೀಟಿನವರ ಮೊಣಕಾಲಿಗೂ ನಡುವೆ 12 ಗ್ಯಾಲನ್ ಟ್ಯಾಂಕ್. ಅಂದರೆ ಸುಮಾರು 45 ಲೀಟರ್, ತುಂಬಿದಾಗ 33 ಕೆಜಿ ಆಸುಪಾಸು. ಎಂಜಿನ್ನೂ ಮುಂದೆ, ಪೆಟ್ರೋಲೂ ಮುಂದೆ, ಪೈಲಟ್ ಕೂಡ ಮುಂದೆಯೇ ಕೂತರೆ ಮೂತಿ ಜಾಸ್ತಿ ಭಾರವಾಗುತ್ತದೆ. 1947ರಲ್ಲಿ ಪೈಪರ್ ಕಂಪನಿ ಇದೇ ವಿಮಾನವನ್ನು ಸುಧಾರಿಸಿ ಪಿಎ-11 ಎಂಬ ಮಾದರಿ ತಂದಿತು. ಅದರಲ್ಲಿ ಟ್ಯಾಂಕನ್ನು ಮೂತಿಯಿಂದ ತೆಗೆದು ಎಡ ರೆಕ್ಕೆಗೆ ಹಾಕಿದರು. ಆಮೇಲೆ ಒಬ್ಬರೇ ಹಾರಿಸುವವರು ಮುಂದಿನ ಸೀಟಿನಲ್ಲೂ ಕೂರುವಂತಾಯಿತು. ಟ್ಯಾಂಕಿನ ಜಾಗ ಬದಲಾಯಿತು, ಪೈಲಟ್ ಕೂರುವ ಜಾಗವೂ ಬದಲಾಯಿತು.

ಕಂಪನಿಯಲ್ಲಿ ಲೆಕ್ಕ ಹಾಕಲು ಎಂಜಿನಿಯರ್‌ಗಳಿದ್ದರು. ಮನೆಯ ಶೆಡ್‌ನಲ್ಲಿ ವಿಮಾನ ಕಟ್ಟುವವರು ಆ ಲೆಕ್ಕವನ್ನು ತಾವೇ ಹಾಕಬೇಕು. ಅಮೆರಿಕದಲ್ಲಿ ಹೀಗೆ ಕಟ್ಟಿದ ವಿಮಾನಗಳಿಗೆ 'ಎಕ್ಸ್‌ಪೆರಿಮೆಂಟಲ್' ಎಂಬ ಪ್ರತ್ಯೇಕ ವರ್ಗವೇ ಇದೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು ಎಂಬುದು ಅದರ ಮುಖ್ಯ ಷರತ್ತು. ಈ ವರ್ಗದಲ್ಲಿ ನಕ್ಷೆಯನ್ನು ತಿದ್ದುವ ಸ್ವಾತಂತ್ರ್ಯವೂ ಉಂಟು. ಕಟ್ಟುವವರ ಕಣ್ಣು ಬಹುಬೇಗ ಬೀಳುವುದು ಟ್ಯಾಂಕಿನ ಮೇಲೆ. 'ಕಾಲಿಗೆ ಜಾಗ ಸಾಲುತ್ತಿಲ್ಲ, ಇದನ್ನು ರೆಕ್ಕೆಗೆ ಹಾಕಿಬಿಡೋಣ' ಎನ್ನುತ್ತಾರೆ ಕೆಲವರು. 'ತೊಡೆಯ ಮೇಲೆ ಪೆಟ್ರೋಲ್ ಇಟ್ಟುಕೊಂಡು ಕೂರಲು ಭಯ' ಎನ್ನುತ್ತಾರೆ ಇನ್ನು ಕೆಲವರು. ಎರಡೂ ನ್ಯಾಯವಾದ ಕಾರಣಗಳೇ. ಆದರೆ ಟ್ಯಾಂಕ್ ಸುಮ್ನೆ ಒಂದು ಡಬ್ಬಿಯಲ್ಲ. ವಿಮಾನದಲ್ಲಿ ಹಾರುತ್ತಾ ಹಾರುತ್ತಾ ಕರಗಿಹೋಗುವ ದೊಡ್ಡ ಭಾರ ಅದೊಂದೇ. ಹಾಗಾಗಿ ಅದು ಎಲ್ಲಿದೆ ಎಂಬುದರ ಮೇಲೆ ಬೇರೆ ಎಷ್ಟೋ ಸಂಗತಿಗಳು ನಿಂತಿವೆ.

ಒಂದು ನಿಜವಾದ ವಿಮಾನವನ್ನೇ ತೆಗೆದುಕೊಂಡು ನೋಡೋಣ. ಮಿನೆಸೋಟ ರಾಜ್ಯದ ಚೆರ್ರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಜೋಡಿಸಿ ಮರದ ವಿಮಾನವೊಂದನ್ನು ಹಾರಿಸಿದರು. ಅದರ ಹೆಸರು ಏರ್ ಕ್ಯಾಂಪರ್. ಜನ ಇವತ್ತಿಗೂ ಅದರ ನಕ್ಷೆ ಹಿಡಿದು ಕಟ್ಟುತ್ತಿದ್ದಾರೆ. ತೆರೆದ ಎರಡು ಸೀಟು, ತಲೆಯ ಮೇಲೆ ಕೊಡೆಯಂತೆ ಒಂದೇ ರೆಕ್ಕೆ. ಜಕ್ಕೂರಿನಲ್ಲಿ ಹಳೆಯ ಪುಷ್ಪಕ್ ವಿಮಾನ ಕಂಡವರಿಗೆ ಬಟ್ಟೆ ಹೊದಿಸಿದ ಇಂಥ ಮೈಕಟ್ಟು ಹೊಸದೇನಲ್ಲ. ಏರ್ ಕ್ಯಾಂಪರ್‌ನಲ್ಲಿ ಕೆಲವರು ಟ್ಯಾಂಕನ್ನು ಮೂತಿಯಲ್ಲಿ ಇಡುತ್ತಾರೆ, ಕೆಲವರು ತಲೆಯ ಮೇಲಿನ ರೆಕ್ಕೆಯ ನಡುತುಂಡಿನಲ್ಲಿ ಇಡುತ್ತಾರೆ. ಮೂತಿಯಿಂದ ರೆಕ್ಕೆಗೆ ಹೋದರೆ ಏನಾಗುತ್ತದೆ?

ಮೊದಲು ತೂಕ. ಎತ್ತಿನ ಗಾಡಿಗೆ ಹೇರು ಹಾಕಿದವರಿಗೆ ಇದು ಗೊತ್ತು. ಹಿಂದೆ ಜಾಸ್ತಿ ಹೇರಿದರೆ ನೊಗ ಮೇಲೇಳುತ್ತದೆ, ಮುಂದೆ ಜಾಸ್ತಿಯಾದರೆ ಎತ್ತಿನ ಕತ್ತು ಬಗ್ಗುತ್ತದೆ. ವಿಮಾನಕ್ಕೆ ಅಚ್ಚು ಎಂದರೆ ರೆಕ್ಕೆ. ಎಲ್ಲ ಭಾರ ಸೇರಿ ತೂಗುವ ಬಿಂದುವಿಗೆ ಭಾರಕೇಂದ್ರ ಎನ್ನುತ್ತಾರೆ. ಅದು ರೆಕ್ಕೆಯ ಕೆಳಗೆ ಒಂದು ಸಣ್ಣ ಪಟ್ಟಿಯೊಳಗೇ ಇರಬೇಕು. ಏರ್ ಕ್ಯಾಂಪರ್‌ನ ರೆಕ್ಕೆ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗೆ 5 ಅಡಿ. ಕಟ್ಟುವವರು ಸಾಮಾನ್ಯವಾಗಿ ಪಾಲಿಸುವ ಮಿತಿ ಮುಂದಿನ ಅಂಚಿನಿಂದ 15ರಿಂದ 20 ಇಂಚು, ಅಂದರೆ 38ರಿಂದ 51 ಸೆಂಟಿಮೀಟರ್. ಒಟ್ಟು 13 ಸೆಂಟಿಮೀಟರ್ ಜಾಗ. ಚಾಚಿದ ಗೇಣಿಗಿಂತಲೂ ಕಡಿಮೆ.

ಮಿತಿಗಿಂತ ಮುಂದೆ ಹೋದರೆ ಮೂತಿ ಎತ್ತಲು ಕಷ್ಟ. ಹಿಂದೆ ಹೋದರೆ ಇನ್ನೂ ಕೆಟ್ಟದು. ಕಡ್ಡಿ, ಅಂದರೆ ವಿಮಾನ ನಡೆಸಲು ಪೈಲಟ್ ಕೈಯಲ್ಲಿ ಹಿಡಿಯುವ ಕೋಲು, ಮುಟ್ಟಿದರೆ ಸಾಕು, ಮೂತಿ ಥಟ್ಟನೆ ಮೇಲೇಳುತ್ತದೆ. ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡರೆ, ಮೂತಿ ಇಳಿಸಿ ಸರಿಮಾಡಿಕೊಳ್ಳುವುದು ಕಷ್ಟ, ಕೆಲವೊಮ್ಮೆ ಅಸಾಧ್ಯ.

ಲೆಕ್ಕ ಹಾಕೋಣ. ಸಂಖ್ಯೆಗಳು ಉದಾಹರಣೆಗೆ ನಾನು ಇಟ್ಟುಕೊಂಡವು; ನಿಜವಾದ ವಿಮಾನದಲ್ಲಿ ತೂಗಿಯೇ ನೋಡಬೇಕು. ಪೈಲಟ್ ಒಬ್ಬರೇ ಕೂತಿದ್ದಾರೆ, ಟ್ಯಾಂಕ್ ಖಾಲಿ. ಒಟ್ಟು 390 ಕೆಜಿ, ಭಾರಕೇಂದ್ರ ಮುಂದಿನ ಅಂಚಿನಿಂದ 50 ಸೆಂ.ಮೀ. ಹಿಂದೆ. ಮಿತಿ 51, ಹಾಗಾಗಿ ಅಂಚಿನಲ್ಲಿದ್ದರೂ ಒಳಗಿದೆ. ಮೂತಿಯ ಟ್ಯಾಂಕ್ ರೆಕ್ಕೆಯ ಮುಂದಿನ ಅಂಚಿನ ನೇರ ಕೆಳಗಿದೆ ಅಂದುಕೊಳ್ಳಿ. 60 ಲೀಟರ್ ತುಂಬಿಸಿದರೆ 43 ಕೆಜಿ. ಆಗ ಭಾರಕೇಂದ್ರ 45ಕ್ಕೆ ಬರುತ್ತದೆ. ಅಂದರೆ ಹೊರಡುವಾಗ 45, ಪೆಟ್ರೋಲ್ ಉರಿದಂತೆ ಮೆಲ್ಲಗೆ ಹಿಂದಕ್ಕೆ ಸರಿದು ಇಳಿಯುವ ಹೊತ್ತಿಗೆ 50. ಹೊರಡುವಾಗ ಎಲ್ಲ ಸರಿಯಿತ್ತು ಎಂದು ನೆಮ್ಮದಿಯಾಗಿರುವ ಹಾಗಿಲ್ಲ. ಬಾಲ ಅತಿ ಭಾರವಾಗುವುದು ಹಾರಾಟದ ಕೊನೆಯಲ್ಲಿ, ಪೈಲಟ್ ದಣಿದಿರುವ ಹೊತ್ತಿನಲ್ಲಿ, ನೆಲಕ್ಕೆ ಹತ್ತಿರವಾಗಿರುವಾಗ.

ಈಗ ಟ್ಯಾಂಕನ್ನು ರೆಕ್ಕೆಯೊಳಗೆ, ಅಂಚಿನಿಂದ 50 ಸೆಂ.ಮೀ. ಹಿಂದೆ ಇಡೋಣ. ಪೆಟ್ರೋಲ್ ಈಗ ಭಾರಕೇಂದ್ರದ ಮೇಲೆಯೇ ಇದೆ. ತುಂಬಿರಲಿ, ಖಾಲಿಯಿರಲಿ, ತೂಗುವ ಬಿಂದು ಕದಲುವುದಿಲ್ಲ. ಇದು ದೊಡ್ಡ ಲಾಭ. ಟ್ಯಾಂಕ್ ರೆಕ್ಕೆಯಲ್ಲಿರಲಿ ಎಂದು ಅನುಭವಿಗಳು ಹೇಳುವುದು ಇದಕ್ಕೇ. ಆದರೆ ಇಲ್ಲಿ ಒಂದು ಮರೆವು ನಡೆಯುತ್ತದೆ. ಟ್ಯಾಂಕಿನ ತಗಡಿಗೂ ತೂಕ ಇದೆ, ಅಲ್ವಾ? 6 ಕೆಜಿ ಎಂದಿಟ್ಟುಕೊಳ್ಳಿ. ಆ 6 ಕೆಜಿ 50 ಸೆಂ.ಮೀ. ಹಿಂದಕ್ಕೆ ಬಂದಿದೆ. ಖಾಲಿ ಟ್ಯಾಂಕಿನ ಲೆಕ್ಕದಲ್ಲಿ 50 ಇದ್ದದ್ದು 50.8 ಆಯಿತು. ಮಿತಿಗೆ ಉಳಿದದ್ದು ಎರಡು ಮಿಲಿಮೀಟರ್! ಇನ್ನೊಂದು ವಿಷಯ: ಮೊದಲು ತುಂಬಿದ ಟ್ಯಾಂಕ್ ಮೂತಿಯನ್ನು ಒತ್ತಿ ಹಿಡಿದು 45ರಲ್ಲಿ ಇಡುತ್ತಿತ್ತು. ಆ ನೆರವು ಈಗ ಇಲ್ಲ. ಹೊರಟ ಕ್ಷಣದಿಂದ ಇಳಿಯುವವರೆಗೂ ವಿಮಾನ ಬಾಲದ ಕಡೆಯ ಅಂಚಿನಲ್ಲೇ ಹಾರುತ್ತದೆ.

ಏರ್ ಕ್ಯಾಂಪರ್‌ನಲ್ಲಿ ಇದಕ್ಕೊಂದು ಚೆಂದದ ಪರಿಹಾರವಿದೆ. ರೆಕ್ಕೆಯನ್ನು ಮೈಗೆ ಜೋಡಿಸುವ ನಾಲ್ಕು ಕಂಬಗಳನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಇಡೀ ರೆಕ್ಕೆಯನ್ನೇ ಹಿಂದೆ ಸರಿಸುತ್ತಾರೆ. ಹೇರನ್ನು ಮುಂದೆ ಎಳೆಯಲಾಗದಿದ್ದರೆ ಅಚ್ಚನ್ನೇ ಹಿಂದೆ ತಳ್ಳಿದ ಹಾಗೆ. ರೆಕ್ಕೆ, ಟ್ಯಾಂಕ್ ಸೇರಿ 65 ಕೆಜಿ ಇದ್ದು 7 ಸೆಂ.ಮೀ. ಹಿಂದೆ ಹೋದರೆ, ಅಂಚಿನಿಂದ ಅಳೆದ ಭಾರಕೇಂದ್ರ 50.8ರಿಂದ ಸುಮಾರು 45ಕ್ಕೆ ಬರುತ್ತದೆ. ಹಾಯಾಗಿ ಉಸಿರಾಡಬಹುದು. ಆದರೆ ರೆಕ್ಕೆಗೂ ಬಾಲಕ್ಕೂ ನಡುವಿನ ದೂರ ಅಷ್ಟೇ ಕಡಿಮೆಯಾಯಿತು, ಅದನ್ನೂ ನೆನಪಿಡಬೇಕು. ಎಲ್ಲ ವಿಮಾನದಲ್ಲೂ ರೆಕ್ಕೆ ಹೀಗೆ ಸರಿಯುವುದೂ ಇಲ್ಲ. ಬೇರೆ ವಿಮಾನಗಳಲ್ಲಿ ಬ್ಯಾಟರಿ ಮುಂದೆ ಹಾಕಬೇಕು, ಎಂಜಿನ್ ಕೂರಿಸುವ ಚೌಕಟ್ಟು ಉದ್ದ ಮಾಡಬೇಕು. ತೀರಾ ಆಗದಿದ್ದರೆ ಸೀಸದ ತುಂಡು ಕಟ್ಟಬೇಕು.

ಟ್ಯಾಂಕ್ ಹೊರುವ ಮರದ ಬಲವನ್ನೂ ನೋಡಬೇಕು. ಗಾಳಿಯ ಹೊಡೆತದಲ್ಲಿ, ತಿರುವಿನಲ್ಲಿ 43 ಕೆಜಿ ಪೆಟ್ರೋಲ್ ಮೂರು ನಾಲ್ಕು ಪಟ್ಟು ಭಾರವಾಗಿ ಒತ್ತುತ್ತದೆ. ನೆಲಕ್ಕೆ ಬಡಿದರೆ ಮುಂದಕ್ಕೆ ನುಗ್ಗುವ ಬಲ 9 ಪಟ್ಟು ಎಂದು ಲೆಕ್ಕ ಹಿಡಿದರೆ ಹೆಚ್ಚುಕಡಿಮೆ 390 ಕೆಜಿ. ಎರಡು ತೆಳು ತಗಡಿನ ಪಟ್ಟಿ ಅದನ್ನು ತಡೆಯಬೇಕು.

ಇನ್ನು ಪೆಟ್ರೋಲ್ ಹರಿಯುವ ವಿಚಾರ. ನನಗೆ ತುಂಬಾ ಇಷ್ಟವಾದ ಭಾಗ ಇದು, ಯಾಕೆಂದರೆ ನಮ್ಮ ಮನೆಗಳಲ್ಲೇ ಇದರ ಪಾಠ ಇದೆ. ತಾರಸಿಯ ಮೇಲಿನ ನೀರಿನ ಟ್ಯಾಂಕನ್ನು ನೆನೆಸಿಕೊಳ್ಳಿ. ನೆಲಮಹಡಿಯ ನಲ್ಲಿಯಲ್ಲಿ ನೀರು ಜೋರು. ಮೇಲಿನ ಮಹಡಿಯಲ್ಲಿ, ಟ್ಯಾಂಕಿಗೆ ಹತ್ತಿರದ ನಲ್ಲಿಯಲ್ಲಿ ಸಣ್ಣಗೆ. ಪೈಪಿನ ಉದ್ದಕ್ಕಿಂತ ನಲ್ಲಿಗೂ ನೀರಿಗೂ ನಡುವಿನ ಎತ್ತರ ಮುಖ್ಯ. ಸಣ್ಣ ವಿಮಾನಗಳಲ್ಲಿ ಬಹಳಷ್ಟು ಪಂಪ್ ಇಲ್ಲದೆ ಹೀಗೆಯೇ ನಡೆಯುತ್ತವೆ. ಮೈಸೂರಿನ ಯೆಜ್ಡಿ ಬೈಕ್ ಓಡಿಸಿದವರಿಗೂ ಗೊತ್ತು: ಟ್ಯಾಂಕ್ ಮೇಲೆ, ಎಂಜಿನ್‌ಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬುರೇಟರ್ ಕೆಳಗೆ, ಪೆಟ್ರೋಲ್ ತಾನಾಗಿ ಇಳಿಯುತ್ತದೆ.

ಆದರೆ ಬೈಕ್ ದೊಡ್ಡ ಏರಿನಲ್ಲೂ ಅಷ್ಟೇನೂ ವಾಲುವುದಿಲ್ಲ. ವಿಮಾನ ಮೂತಿ ಎತ್ತಿ ಏರುತ್ತದೆ. ಆಗ ಮೂತಿಯಲ್ಲಿರುವ ಕಾರ್ಬುರೇಟರ್ ಮೇಲೆ ಹೋಗುತ್ತದೆ, ಹಿಂದಿರುವ ಟ್ಯಾಂಕ್ ಅದಕ್ಕೆ ಹೋಲಿಸಿದರೆ ಕೆಳಗಿಳಿಯುತ್ತದೆ. ಮೂತಿಯ ಟ್ಯಾಂಕಿನ ತಳ ಕಾರ್ಬುರೇಟರ್‌ಗಿಂತ 35 ಸೆಂ.ಮೀ. ಮೇಲೆ, 40 ಸೆಂ.ಮೀ. ಹಿಂದೆ ಇದೆ ಎಂದುಕೊಳ್ಳಿ. 15 ಡಿಗ್ರಿ ಏರಿಕೆಯಲ್ಲಿ ಆ 35 ಸೆಂ.ಮೀ. ಎತ್ತರ 23.5ಕ್ಕೆ ಇಳಿಯುತ್ತದೆ. ಮೂರನೇ ಒಂದು ಪಾಲು ಹೋಯಿತು! ಅದೂ ಯಾವಾಗ? ಎಂಜಿನ್ ಪೂರ್ತಿ ಬಲದಲ್ಲಿ ಓಡುತ್ತಾ ಅತಿ ಹೆಚ್ಚು ಪೆಟ್ರೋಲ್ ಕೇಳುವಾಗ, ನೆಲ ಇನ್ನೂ ಹತ್ತಿರದಲ್ಲಿರುವಾಗ. ಟ್ಯಾಂಕ್ ರೆಕ್ಕೆಯಲ್ಲಿದ್ದು 110 ಸೆಂ.ಮೀ. ಮೇಲೆ, 110 ಸೆಂ.ಮೀ. ಹಿಂದೆ ಇದ್ದರೆ ಅದೇ ಏರಿಕೆಯಲ್ಲೂ ಸುಮಾರು 78 ಸೆಂ.ಮೀ. ಎತ್ತರ ಉಳಿಯುತ್ತದೆ. ಈ ವಿಷಯದಲ್ಲಿ ರೆಕ್ಕೆಯ ಟ್ಯಾಂಕ್ ನಿಸ್ಸಂಶಯವಾಗಿ ಗೆಲ್ಲುತ್ತದೆ.

ಹಾಗೆಂದು ಬರೀ ಕಾಗದದ ಲೆಕ್ಕ ನಂಬಿ ಹಾರುವಂತಿಲ್ಲ. ಹರಿವನ್ನು ಅಳೆಯಬೇಕು. ಅದಕ್ಕೆ ದುಬಾರಿ ಉಪಕರಣ ಬೇಡ. ಒಂದು ಅಳತೆಯ ಜಗ್, ಒಂದು ಗಡಿಯಾರ ಸಾಕು. ಹೊರಾಂಗಣದಲ್ಲಿ, ಪಕ್ಕದಲ್ಲಿ ಅಗ್ನಿಶಾಮಕ ಇಟ್ಟುಕೊಂಡು ಮಾಡುವ ಕೆಲಸ ಇದು. ಬಾಲದ ಚಕ್ರವನ್ನು ಗುಂಡಿಗೆ ಇಳಿಸಿ, ಇಲ್ಲವೇ ಮುಂದಿನ ಚಕ್ರಗಳನ್ನು ಹಲಗೆಯ ಮೇಲೆ ಏರಿಸಿ, ವಿಮಾನ ಅತಿ ಕಡಿದಾಗಿ ಏರುವಾಗಿನ ಕೋನಕ್ಕಿಂತ ಸ್ವಲ್ಪ ಜಾಸ್ತಿಯೇ ಮೂತಿ ಎತ್ತುವಂತೆ ನಿಲ್ಲಿಸುತ್ತಾರೆ. ಟ್ಯಾಂಕಿನಲ್ಲಿ ತೀರಾ ಕಡಿಮೆ ಪೆಟ್ರೋಲ್. ಮುಚ್ಚಳ ಹಾಕಿಯೇ ಇರಬೇಕು. ಕಾರ್ಬುರೇಟರ್ ಹತ್ತಿರ ಪೈಪ್ ಬಿಚ್ಚಿ, ಅದು ಇದ್ದ ಎತ್ತರದಲ್ಲೇ ಹಿಡಿದು, ಜಗ್ಗಿಗೆ ಬಿಡುತ್ತಾರೆ. ಪೆಟ್ರೋಲ್ ತಾನಾಗಿ ಹರಿಯುವ ವ್ಯವಸ್ಥೆಯಲ್ಲಿ, ಎಂಜಿನ್ ಪೂರ್ತಿ ಬಲದಲ್ಲಿ ಕುಡಿಯುವುದರ ಒಂದೂವರೆ ಪಟ್ಟು ಹರಿಯಬೇಕು ಎಂಬುದು ಕಾರ್ಖಾನೆ ವಿಮಾನಗಳ ನಿಯಮ. ಪಂಪ್ ಇದ್ದರೆ ಒಂದೂಕಾಲು ಪಟ್ಟು. 65 ಅಶ್ವಶಕ್ತಿಯ ಎಂಜಿನ್ ಗಂಟೆಗೆ ಸುಮಾರು 23 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ ಬೇಕಾದದ್ದು ಗಂಟೆಗೆ 34.5 ಲೀಟರ್. ನಿಮಿಷಕ್ಕೆ 575 ಮಿಲಿಲೀಟರ್. ನಿಮಿಷ ಮುಗಿದಾಗ ಜಗ್ಗಿನಲ್ಲಿ ಅಷ್ಟು ತುಂಬಿಲ್ಲ ಎಂದಾದರೆ ಆ ವಿಮಾನ ಹಾರಲು ತಯಾರಿಲ್ಲ. ಪೈಪ್ ಸಣ್ಣದಿರಬಹುದು, ತಿರುವುಗಳು ಜಾಸ್ತಿಯಿರಬಹುದು, ಕಸ ಸೋಸುವ ಜಾಲರಿ ಕಟ್ಟಿಕೊಂಡಿರಬಹುದು. ಹುಡುಕಿ ಸರಿಮಾಡಬೇಕು.

ಎಷ್ಟೋ ಸಲ ತಪ್ಪು ಇರುವುದು ಪೈಪಿನಲ್ಲಲ್ಲ, ಮುಚ್ಚಳದಲ್ಲಿ. ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿ ಬಗ್ಗಿಸಿ ನೋಡಿ. ಗುಳುಕ್ ಗುಳುಕ್ ಎಂದು ಸ್ವಲ್ಪ ಬಂದು ನಿಲ್ಲುತ್ತದೆ. ಎದುರು ಬದಿಗೆ ಇನ್ನೊಂದು ತೂತು ಮಾಡಿದ ಕೂಡಲೇ ಸರಾಗ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಆ ಗಾಳಿದಾರಿಗೆ ವೆಂಟ್ ಎನ್ನುತ್ತಾರೆ. ಕಬ್‌ನಲ್ಲಿ ಇದು ಎಷ್ಟು ಸರಳವಾಗಿತ್ತು ಎಂದರೆ, ಟ್ಯಾಂಕಿನ ಮುಚ್ಚಳದಲ್ಲಿ ಒಂದು ತೂತು, ಅದರ ಮೂಲಕ ಮೇಲೆ ಬಂದ ಒಂದು ತಂತಿ, ತಂತಿಯ ಕೆಳತುದಿಯಲ್ಲಿ ಬೆಂಡಿನ ತುಂಡು. ಬೆಂಡು ಪೆಟ್ರೋಲ್ ಮೇಲೆ ತೇಲುತ್ತದೆ. ಪೈಲಟ್ ಗಾಜಿನಾಚೆ ನೋಡಿದರೆ ತಂತಿ ಕುಣಿಯುತ್ತಾ ಮೆಲ್ಲಗೆ ಕೆಳಗಿಳಿಯುವುದು ಕಾಣುತ್ತದೆ. ಗೇಜೂ ಅದೇ, ವೆಂಟೂ ಅದೇ. ಟ್ಯಾಂಕನ್ನು ತಲೆಯ ಮೇಲಕ್ಕೆ ಒಯ್ದ ದಿನ ಎರಡನ್ನೂ ಕಳೆದುಕೊಳ್ಳುತ್ತೇವೆ.

ಹೊಸ ಜಾಗದಲ್ಲಿ ವೆಂಟ್‌ಗೆ ಹೊಸ ತೊಂದರೆಯೂ ಕಾದಿರುತ್ತದೆ. ರೆಕ್ಕೆಯ ಮೇಲ್ಭಾಗದಲ್ಲಿ ಗಾಳಿಯ ಒತ್ತಡ ಕಡಿಮೆ. ವಿಮಾನ ಮೇಲೇಳುವುದೇ ಅದರಿಂದ. ಅಲ್ಲಿ ಮುಚ್ಚಳದಲ್ಲಿ ಸುಮ್ನೆ ತೂತು ಬಿಟ್ಟರೆ, ಹಾರುವಾಗ ಅದು ಗಾಳಿಯನ್ನು ಒಳಗೆ ಬಿಡುವ ಬದಲು ಟ್ಯಾಂಕಿನಿಂದ ಹೊರಗೆ ಹೀರುತ್ತದೆ. ಪೆಟ್ರೋಲ್ ಹೊರಗೆ ಚಿಮ್ಮಬಹುದು, ಕೆಳಗೆ ಹರಿಯುವ ಬಲವೂ ಕುಗ್ಗಬಹುದು. ನೆಲದ ಮೇಲೆ ಮಾಡಿದ ಜಗ್ಗಿನ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಅದಕ್ಕಾಗಿ ವೆಂಟ್‌ನ ಬಾಯಿಗೆ ಸಣ್ಣ ಕೊಳವೆ ಹಾಕಿ ಎದುರು ಗಾಳಿಗೆ ಮುಖ ಮಾಡಿಸುತ್ತಾರೆ. ಆಗ ಗಾಳಿಯೇ ಪೆಟ್ರೋಲನ್ನು ಮೆಲ್ಲಗೆ ಒತ್ತಿ ನೆರವಾಗುತ್ತದೆ. ಕಣಜದ ಹುಳು ಅದರಲ್ಲಿ ಮಣ್ಣಿನ ಗೂಡು ಕಟ್ಟದಂತೆ ಪ್ರತಿ ಸಲ ನೋಡಿಕೊಳ್ಳಬೇಕು.

ಪೈಪ್ ಹಾಯುವ ದಾರಿ ಇಳಿಜಾರಾಗಿಯೇ ಇರಬೇಕು. ಎಲ್ಲಾದರೂ ಡುಬ್ಬ ಬಂದರೆ ಅಲ್ಲಿ ಆವಿ ಸಿಕ್ಕಿಕೊಳ್ಳುತ್ತದೆ, ತಗ್ಗು ಬಂದರೆ ನೀರು ನಿಲ್ಲುತ್ತದೆ. ಅತಿ ತಗ್ಗಿನ ಜಾಗದಲ್ಲಿ ನೀರು ಬಸಿಯುವ ಕಾಕ್ ಇರಲೇಬೇಕು. ಬಿಸಿ ಸೈಲೆನ್ಸರ್ ಹತ್ತಿರ ಪೈಪ್ ಒಯ್ಯಬಾರದು. ಫೈಬರ್‌ಗ್ಲಾಸ್ ಟ್ಯಾಂಕ್ ಮಾಡುವವರು ಎಥೆನಾಲ್ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ನಮ್ಮ ಬಂಕ್‌ಗಳಲ್ಲಿ ಈಗ ಸಿಗುವ ಇ20 ಪೆಟ್ರೋಲ್‌ನಲ್ಲಿ ಐದನೇ ಒಂದು ಭಾಗ ಎಥೆನಾಲೇ. ಅದು ಫೈಬರ್‌ಗ್ಲಾಸನ್ನು ಹಿಡಿದಿಡುವ ಅಂಟಾದ ರೆಸಿನ್‌ನ ಕೆಲವು ಬಗೆಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ಒಳಗೆ ಬಳಿದ ಹಳೆಯ ಸೀಲೆಂಟನ್ನು ಸಿಪ್ಪೆಯಂತೆ ಏಳಿಸುತ್ತದೆ. ಆ ಸಿಪ್ಪೆ ಹೋಗಿ ಕೂರುವುದು ಜಾಲರಿಯ ಮೇಲೆ.

ಟ್ಯಾಂಕ್ ಒಂದೇ ಇದ್ದರೆ ನಲ್ಲಿ ತೆರೆಯುವುದು, ಮುಚ್ಚುವುದು, ಅಷ್ಟೇ. ಎರಡು ರೆಕ್ಕೆಗೆ ಎರಡು ಟ್ಯಾಂಕ್ ಹಾಕಿದರೆ ಎಡ, ಬಲ ಆರಿಸುವ ನಲ್ಲಿ ಬೇಕಾಗುತ್ತದೆ. ರೆಕ್ಕೆ ಮೇಲಿದ್ದರೆ ಎರಡರಿಂದಲೂ ಒಟ್ಟಿಗೆ ಇಳಿಸಬಹುದು. ರೆಕ್ಕೆ ಕೆಳಗಿದ್ದು ಪಂಪ್ ಹೀರಬೇಕಾದರೆ ಹಾಗೆ ಮಾಡುವಂತಿಲ್ಲ. ಒಂದು ಟ್ಯಾಂಕ್ ಮೊದಲು ಖಾಲಿಯಾದರೆ ಪಂಪ್ ಆ ಕಡೆಯಿಂದ ಬರೀ ಗಾಳಿಯನ್ನೇ ಎಳೆಯುತ್ತದೆ, ಎರಡು ಸ್ಟ್ರಾ ಬಾಯಲ್ಲಿಟ್ಟು ಒಂದನ್ನು ಲೋಟದ ಹೊರಗೆ ಬಿಟ್ಟ ಹಾಗೆ. ಅಂಥ ವಿಮಾನದಲ್ಲಿ ಪೈಲಟ್ ಆಗಾಗ ಕೈಯಾರೆ ನಲ್ಲಿ ತಿರುಗಿಸಲೇಬೇಕು. ಹಾಗಾದರೆ ನಲ್ಲಿ ಎಲ್ಲಿರಬೇಕು?

ಈ ಪ್ರಶ್ನೆಗೆ ಒಂದು ಜೀವ ತೆತ್ತ ಕಥೆಯಿದೆ. ಬರ್ಟ್ ರುಟಾನ್ ವಿನ್ಯಾಸದ ಲಾಂಗ್-ಈಝಿ ಎಂಬ ವಿಮಾನ 1979ರಲ್ಲಿ ಮೊದಲು ಹಾರಿತು. ಪುಟ್ಟ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಮತ್ತು ಎಂಜಿನ್ ಹಿಂದೆ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ 1980ರ ದಶಕದಲ್ಲಿ ಇದೇ ವಿನ್ಯಾಸವನ್ನು ಆಧರಿಸಿ ಎಲ್‌ಸಿಆರ್‌ಎ ಎಂಬ ಸಂಶೋಧನಾ ವಿಮಾನ ಕಟ್ಟಿ ಹಾರಿಸಿತ್ತು. ಲಾಂಗ್-ಈಝಿಯಲ್ಲಿ ಎರಡು ಟ್ಯಾಂಕ್, ರೆಕ್ಕೆಯ ಬುಡದಲ್ಲಿ ಅಕ್ಕಪಕ್ಕ. ನಲ್ಲಿ ಪೈಲಟ್‌ನ ಎರಡು ಕಾಲುಗಳ ನಡುವೆ ಇರಬೇಕು ಎಂಬುದು ನಕ್ಷೆ. ಅಮೆರಿಕದಲ್ಲಿ ಒಬ್ಬರು ಕಟ್ಟುವಾಗ, ಪೈಲಟ್ ಕೂರುವ ಜಾಗದೊಳಗೆ ಪೆಟ್ರೋಲ್ ಪೈಪ್ ಬರುವುದೇ ಬೇಡ ಎಂದು ನಲ್ಲಿಯನ್ನು ಪೈಲಟ್‌ನ ಎಡ ಭುಜದ ಹಿಂದಕ್ಕೆ ಒಯ್ದರು. ಉದ್ದೇಶ ಒಳ್ಳೆಯದೇ. ಬೆಂಕಿಯ ಭಯ ಯಾರಿಗಿಲ್ಲ?

ಆ ವಿಮಾನವನ್ನು ಆಮೇಲೆ ಕೊಂಡವರು ಗಾಯಕ ಜಾನ್ ಡೆನ್ವರ್. ನಲ್ಲಿ ಕೈಗೆ ಸರಿಯಾಗಿ ಸಿಗುತ್ತಿರಲಿಲ್ಲ, ಹಿಡಿಯೂ ಬಿಗಿಯಾಗಿತ್ತು. ಇಕ್ಕಳ ಕಚ್ಚಿಸಿ ಹಿಡಿಯನ್ನು ಉದ್ದ ಮಾಡಿ ನೋಡಿದರು, ಆದರೂ ಸಿಗಲಿಲ್ಲ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಗಾಜುಗಳೂ ಬೆನ್ನ ಹಿಂದಿದ್ದವು. ಅವುಗಳನ್ನು ನೋಡಲಿ ಎಂದು ಮೆಕ್ಯಾನಿಕ್ ಒಬ್ಬರು ಕನ್ನಡಿ ಕೊಟ್ಟರು. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆಯಿಂದ ಪೆಟ್ರೋಲ್ ತುಂಬಿಸದೆ ಹೊರಟರು. ಪೆಸಿಫಿಕ್ ಗ್ರೋವ್ ಬಳಿ ಕೆಲವೇ ನೂರು ಅಡಿ ಎತ್ತರದಿಂದ ವಿಮಾನ ಸಮುದ್ರಕ್ಕೆ ಬಿತ್ತು. ಅವರಿಗೆ 53 ವರ್ಷ.

ತನಿಖಾ ಮಂಡಳಿ ಕಂಡುಕೊಂಡದ್ದು ಹೀಗೆ. ಆ ನಲ್ಲಿಯನ್ನು ಮುಟ್ಟಬೇಕಾದರೆ ಪೈಲಟ್ ಇಡೀ ಮೈಯನ್ನು ಎಡಕ್ಕೆ ತಿರುಚಬೇಕಿತ್ತು. ಹಾಗೆ ತಿರುಚಿದಾಗ ಆಧಾರಕ್ಕೆಂದು ಬಲಗಾಲು ತಾನಾಗಿ ಪೆಡಲ್ ಒತ್ತುತ್ತದೆ. ಆ ಪೆಡಲ್ ರಡ್ಡರ್‌ಗೆ, ಅಂದರೆ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಹಲಗೆಗೆ ಸೇರಿದ್ದು. ಗಮನ ನಲ್ಲಿಯ ಮೇಲೆ, ಕಾಲು ರಡ್ಡರ್ ಮೇಲೆ, ವಿಮಾನ ಕೈತಪ್ಪಿತು. ಕಡಿಮೆ ಪೆಟ್ರೋಲ್, ಗುರುತು ಹಾಕದ ಗೇಜು, ಹೊಸ ವಿಮಾನದ ಸಾಲದ ಅಭ್ಯಾಸ, ನಲ್ಲಿಯನ್ನು ಅಲ್ಲಿಟ್ಟ ತೀರ್ಮಾನ, ಎಲ್ಲವನ್ನೂ ಮಂಡಳಿ ಹೆಸರಿಸಿತು. ನಲ್ಲಿ ಮುರಿದಿರಲಿಲ್ಲ, ಟ್ಯಾಂಕ್ ಸೋರಿರಲಿಲ್ಲ. ಬೆಂಕಿಯನ್ನು ತಪ್ಪಿಸಲು ಹೋದ ಬದಲಾವಣೆ ಪೈಲಟ್‌ನ ಕಾಲಿನವರೆಗೆ ಬಂದು ಮುಟ್ಟುತ್ತದೆ ಎಂದು ಕಟ್ಟುವಾಗ ಹೊಳೆಯಲಿಲ್ಲ.

ಇಂಥ ದೊಡ್ಡ ಬದಲಾವಣೆ ಮಾಡಿದ ಮೇಲೆ ಅಮೆರಿಕದಲ್ಲಿ ವಿಮಾನ ಮತ್ತೆ ಪರೀಕ್ಷಾ ಹಂತಕ್ಕೆ ಹೋಗುತ್ತದೆ. ವಾಯುಯಾನ ಇಲಾಖೆಗೆ ತಿಳಿಸಿ, ಕನಿಷ್ಠ 5 ಗಂಟೆ ಯಾರನ್ನೂ ಕೂರಿಸಿಕೊಳ್ಳದೆ ಹಾರಿಸಿ ನೋಡಬೇಕು. ಅದಕ್ಕೂ ಮೊದಲು ವಿಮಾನವನ್ನು ತಕ್ಕಡಿಗೆ ಏರಿಸಿ ಮತ್ತೆ ತೂಗಬೇಕು. ಹಳೆಯ ಹಾಳೆಯನ್ನು ತಿದ್ದಿದರೆ ಸಾಲದು.

ನಾನಾದರೆ ಇನ್ನೊಂದು ಪರೀಕ್ಷೆ ಸೇರಿಸುತ್ತೇನೆ. ವಿಮಾನ ಶೆಡ್‌ನಲ್ಲೇ ಇರಲಿ, ಎಂಜಿನ್ ಆರಿರಲಿ. ಬೆಲ್ಟ್ ಬಿಗಿದು ಕೂತು, ಎರಡೂ ಕಾಲು ಪೆಡಲ್ ಮೇಲಿಟ್ಟು, ಬಲಗೈಯಲ್ಲಿ ಕಡ್ಡಿ ಹಿಡಿದು, ಕಣ್ಣು ಮುಚ್ಚಿ. ಈಗ ಎಡಗೈಯಿಂದ ನಲ್ಲಿಯನ್ನು ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ತಿರುಗಿಸಿ. ಬಾಲದ ಹಿಂದೆ ಒಬ್ಬ ಗೆಳೆಯನನ್ನು ನಿಲ್ಲಿಸಿ, ರಡ್ಡರ್ ಅಲುಗಾಡಿತಾ ಎಂದು ಕೇಳಿ.